ಎಡಕ ಎರಡ ಬೆರಳ ಜಾಗಾ

…ಇಲ್ರೀ ಭೀಮಣ್ಣಾ, ನಾ ಕೂಡಂಗಿಲ್ಲ. ನಿಂತಽ ಹೇಳ್ತೀನಿ. ಸೊಲ್ಲಾಪುರದಿಂದ ಅಕ್ಕಲಕೋಟ ತನಕ ಎಸ್ಟಿ ಬಸ್ಸಿನಾಗ ನಿಂತಽ ಬಂದೀನಿ, ಇನ್ನೊಂದ ತಾಸು ನಿಂತ್ರ ಕಾಲೇನ ಮುರಿಯೂದಿಲ್ಲ… ಆತು, ಆತು, ಕೂಡ್ತೀನಿ. ಈ ಸ್ಟೂಲ್ ಸಾಕು. ಅಂಗಡಿಗೆ ಗಿರಾಕಿ ಬರೂ ಹೊತ್ತಲ್ಲಲ್ಲ ಇದು? ಛಲೋ ಆತು. ಮಂದಿ ಮುಂದ ಹೇಳೂ ಮಾತಲ್ಲ.

ಅರೇ, ಆ ಮಂಡಳಿ ವಹಿ ಯಾಕ ತಗದ್ರಿ? ಮುಚ್ಚಿ ಇಡ್ರಿ ಅದನ್ನ. ಅಮಾಸಿ ನಾಳಿಗಿ. ನಮ್ಮ ಕಾರ್ಖಾನಿ ಕಚೇರಿ ಮಂದಿಯ ಮಂಡಳಿ ಕೂಡೂದು ನಾಳಿಗಿ. ಇವತ್ತ ನಾ ತಪ್ಪು ಹೇಳಾಕ ಬಂದಿಲ್ಲ, ಯುಕ್ತಿ ಕೇಳಾಕೂ ಬಂದಿಲ್ಲ. ಈ ಸಾತಲಿಂಗಪ್ಪ ಇವತ್ತ ನ್ಯಾಯಾ ಕೇಳಾಕ ಬಂದಾನ. ನನ್ನ ಕುತ್ತಿಗಿ ಕೊಯ್ದಾರ್ರಿ ಅಣ್ಣಾ! ಹೊರಗಿನವ್ರಲ್ಲ, ನಮ್ಮ ಮಂಡಳ್ಯಾಗಿನವನಽ ಕೊಯ್ದಾನ!

ಯಾರು? ನಾಗಣ್ಣ! ಮತ್ಯಾರು… ಯಾಕ ನಗ್ತೀರಿ? ನಗಬ್ಯಾಡ್ರಿ. ಸಣ್ಣಾವ, ಹಂತಾದ್ದು ಮಾಡೂದಿಲ್ಲ ಅಂತೀರೇನು? ನಾನೂ ಹಂಗಽ ತಿಳದಿದ್ದೆ. ಟೈಪ್‌ರೈಟರ್ ರಿಬ್ಬನ್ ತಿರುವಿ ಹಾಕಾಕ ಬರ್ತಿದ್ದಿಲ್ಲ ಆ ಮಗಂಗ! ಮುಂಬೈಗೆ ಟ್ರಂಕ್ ಕಾಲ್ ಹಚ್ಚಂದ್ರ ನನ್ನ ಮಾರಿ ನೋಡ್ತಿದ್ದ. ನಾ ಕಲಿಸಿದೆ. ನನ್ನ ಕೈ ಕೆಳಗ ಇಟ್ಕೊಂಡು, ನನ್ನ ಬುತ್ತ್ಯಾಗಿಂದು ತಿನಿಸಿ ಕಲಿಸಿದೆ. ಮಂಡಳಿಗೆ ಕರ್ಕೊಂಡು ಬಂದು ನಿಮ್ಮ ಪಾದಕ್ಕ ಹಾಕಿದವನೂ ನಾನಽ.

ವೈನಿ ಬಂದ್ರೇನು? ನಮಸ್ಕಾರ್ರಿ ಗುರುಬಾಯಿ ವೈನಿ!… ಒಳಗ ಹೋದ್ರು. ಕೇಳಿಸಿಲ್ಲೇನೋ. ಇರ್ಲಿ, ಚಾ ಗೀ ಏನೂ ಬ್ಯಾಡ, ಹೊಟ್ಟಿ ಹಸಿದಿಲ್ಲ, ಉರಿಯಾಕತ್ತದ.

ಹೇಳ್ತೀನಿ, ಮೊದಲಿಂದ ಹೇಳ್ತೀನಿ. ನಮ್ಮ ಶೇಠರದು ಹೊಸಾ ಕಾರ್ಖಾನಿ ಏಳಾಕತ್ತದಲ್ಲ, ಅಕ್ಕಲಕೋಟ ರಸ್ತಾದಾಗ? ಬರೂ ಮುಂದ ಬಸ್ಸಿನ ಕಿಡಕಿಯಾಗಿಂದ ನೋಡಿದೆ, ಮ್ಯಾಲ ತಗಡ ಹೊದಿಸಾಕತ್ತಾರ. ನೀವು ಮ್ಯಾನೇಜರ್ ಆಗಿ ಬಂದಾಗ ಆರು ಮಗ್ಗ ಇದ್ವು, ಹೌದಲ್ಲ? ಈಗ ತೊಂಬತ್ತು ಆಗ್ತಾವ. ಚಾದರ, ಟಾವೆಲ್, ಮೂರೂ ಪಾಳಿ ಚಾಲೂ. ಕಚೇರಿಗೆ ಹನ್ನೆರಡು ಟೇಬಲ್. ಮ್ಯಾನೇಜರಗ ಕಾಚಿನ ಖೋಲಿ, ಸುತ್ತೂ ಗಾಜು! ಆ ಖೋಲಿ ನಕಾಶಿ ತಗದವ ನಾನು ಅಣ್ಣಾ. ಎಲ್ಲಾ ನೀವು ಹೇಳಿಕೊಟ್ಟಂಗ. ಬಂದವ್ರು ಕೂಡೂ ಬೆಂಚ ಹ್ಯಾಂಗ ಇಡಬೇಕು? ಕೂತವ ನಮಗ ಕಾಣಬೇಕು, ನಮ್ಮ ಟೇಬಲ್ ಮ್ಯಾಲಿನ ಕಾಗದಾ ಅವಂಗ ಕಾಣಬಾರ್ದು. ಕೀಲಿಗೊಂದು ಹಲಗಿ, ಮೊಳಿಗೊಂದು ನಂಬರ, ಖಾಲಿ ಮೊಳಿ ದೂರಿಂದಽ ಕಣ್ಣಿಗೆ ಹೊಡೀಬೇಕು. ಶೇಠರ ಬೀಗರ ಮಂದಿ ಕೆಲಸಕ್ಕ ಬಂದ್ರ ಮೊದಲ ಕುರ್ಚಿ ಕೊಡು, ಕೆಲಸಾ ಆಮ್ಯಾಲ ಕೊಡು… ಹಾಂ, ಇದಕ್ಕ ನೀವು ನಗ್ತೀರಿ ನೋಡ್ರಿ, ಇದು ನಿಮ್ಮದಽ ಮಾತು. ಒಂದೂ ಮರ್ತಿಲ್ಲ ನಾ.

ನಿನ್ನೆ ಶೇಠ ಕರದ್ರು. ಚನ್ನವೀರಪ್ಪ ಶೇಠ ಹ್ಯಾಂಗ ಮಾತಾಡ್ತಾರ ನಿಮಗೇನ ಹೇಳೂದು, ದನಿ ಏರಸಂಗಿಲ್ಲ ಮನಷಾ. "ಸಾತಲಿಂಗಪ್ಪಾ, ಹೊಸಾ ಕಡಿ ನಾಗಣ್ಣ ನೋಡ್ತಾನ. ನೀ ಹಳೀ ಗೋದಾಮದಾಗ ಕೂಡು." ಅಷ್ಟಽ! ಹದಿನಾರು ವರ್ಷ! ಹತ್ತು ವರ್ಷ ನಿಮ್ಮ ಕೈ ಕೆಳಗ, ಆರು ವರ್ಷ ನಿಮ್ಮ ಕುರ್ಚಿ ಮ್ಯಾಲ… ಅಷ್ಟೂ ಒಂದ ಮಾತಿನಾಗ ಮುಗೀತು. ಯಾಕ್ರಿ ಶೇಠ, ನಂದೇನ ತಪ್ಪಾತು ಅಂದೆ. ಡ್ರಾವರ್ ತಗದು ಒಂದ ಕಾಗದಾ ಮುಂದ ಇಟ್ರು. ಸಹಿ ಇಲ್ಲ, ಹೆಸರಿಲ್ಲ. ಓದಿದೆ. ಮತ್ತ ಮೊದಲಿಂದ ಓದಿದೆ ಅಣ್ಣಾ.

ಹ್ವಾದ ಅಮಾಸಿಗೆ ಇದಽ ಅಂಗಡಿ ಹಿಂದ, ನಿಮ್ಮ ಪಡಸಾಲ್ಯಾಗ ಕೂತು ನಾ ಏನ ಹೇಳಿದ್ದೆ? ನೆನಪದ? ಮುಂಬೈದವ್ರ ಕಾಗದಾ… ಹೊರದೇಶಕ್ಕ ಚಾದರ ಕಳಸ್ತೀವಿ, ನಮೂನಿ ಕಳಸ್ರಿ ಅಂತ ಬರದಿದ್ರಲ್ಲ, ಅದು ನನ್ನ ಟ್ರೇದಾಗ ಕ್ಯಾಲೆಂಡರ್ ಕೆಳಗ ಹನ್ನೊಂದು ದಿನ ಬಿದ್ದಿತ್ತು. ನನ್ನ ಕಣ್ಣಿಗೆ ಬಿದ್ದಾಗ ತಡಾ ಆಗಿಬಿಟ್ಟಿತ್ತು. ಏನ ಮಾಡ್ಲಿ? ಅವತ್ತಽ ಬಂದಂಗ, ಬಂದ ಟಪಾಲ್ ಬರಿಯೂ ಆವಕ ವಹ್ಯಾಗ ಬರದು, ಅವತ್ತಿನ ತಾರೀಖಿನ ಸಿಕ್ಕಾ ಹೊಡದೆ. ಖರೇ, ಮಾಡಬಾರ್ದಿತ್ತು. ಆದ್ರ ಕೆಲಸಾ ಕೆಡ್ಲಿಲ್ಲ, ನಮೂನಿ ಹ್ವಾದ್ವು, ಅವ್ರು ಒಪ್ಪಿದ್ರು. ಅದನ್ನ ಮಂಡಳ್ಯಾಗ ಬಾಯಿ ಬಿಟ್ಟು ಹೇಳಿದೆ. ಯಾಕ ಹೇಳಿದೆ? ನೀವು ಹಾಕಿದ ಪದ್ಧತಿ ಅದು! ಮೊದಲ ನಿನ್ನ ತಪ್ಪು ಹೇಳು, ಆಮ್ಯಾಲ ಮಂದಿಗೆ ಯುಕ್ತಿ ಹೇಳು. ತಪ್ಪು ಹೇಳದವಂಗ ಚಾ ಸೈತ ಇಲ್ಲ! ಬ್ಯಾರೆ ಬ್ಯಾರೆ ಕಾರ್ಖಾನಿ ಏಳು ಮಂದಿ ಎದಿ ಬಿಚ್ಚಿ ಮಾತಾಡ್ತೀವಿ, ಹೊಸಲ ದಾಟಿದ ಮ್ಯಾಲ ಅಲ್ಲಿ ಕೇಳಿದ್ದು ಅಲ್ಲೇ. ಅದಽ ಭರವಸಿ ಮ್ಯಾಲ ಅಲ್ಲೇನ್ರಿ ಇಷ್ಟು ವರ್ಷ ನಡದಿದ್ದು?

ಆ ಹನ್ನೊಂದು ದಿನ, ಆ ಸಿಕ್ಕಾ, ಆ ಕ್ಯಾಲೆಂಡರ್ ಸುದ್ದಾ ಆ ಪತ್ರದಾಗ ಇತ್ತು! ಕ್ಯಾಲೆಂಡರ್ ಕೆಳಗ ಇತ್ತು ಅಂತ ಮಂಡಳಿಯ ಏಳು ಮಂದಿ ಬಿಟ್ರ ಯಾರಿಗ ಗೊತ್ತು?

ಏನು? ನಾಗಣ್ಣನಽ ಅಂತ ಹ್ಯಾಂಗ ಹೇಳ್ತಿ ಅಂತೀರಿ? ಕೇಳ್ರಿ, ಮಜಾ ಕೇಳ್ರಿ. ಪತ್ರ ಬರದಾನ, ಅಕ್ಷರ ಸೊಟ್ಟಪಟ್ಟ ಮಾಡ್ಯಾನ, ಯಾರದೂ ಗುರ್ತು ಹತ್ತಬಾರ್ದು ಅಂತ ಸೊಲ್ಲಾಪುರ ಬಿಟ್ಟು ಹೊರಗಿನ ಊರ ಟಪಾಲ್ ಡಬ್ಬ್ಯಾಗ ಹಾಕ್ಯಾನ. ಎಲ್ಲಾ ಹುಷಾರಿ ಮಾಡ್ಯಾನ. ಆದ್ರ ಕಾಗದದ ಎಡಕ… ಎರಡ ಬೆರಳ ಜಾಗಾ ಬಿಟ್ಟಾನ! ಫೈಲಿಗೆ ಹಚ್ಚಾಕ! ಹಹ್ಹಾ! ಹೆಸರಿಲ್ಲದ ಪತ್ರ ಬರಿಯಾವ ಯಾರರ ಫೈಲಿಗೆ ಜಾಗಾ ಬಿಡ್ತಾನೇನ್ರಿ? ಈ ವಹಿ ಮೊದಲನೇ ಪುಟದ ಮೊದಲನೇ ಯುಕ್ತಿ ಅದು, ನಿಮ್ಮ ಅಕ್ಷರದಾಗ ಅದ. "ಯಾವ ಕಾಗದಾ ಬರದ್ರೂ ಎಡಕ ಎರಡ ಬೆರಳ ಜಾಗಾ ಬಿಡು, ನಾಳೆ ಯಾರೋ ಅದನ್ನ ಹಚ್ಚಿ ಇಡಬೇಕಾಗ್ತದ." ನಾನಽ ನಾಗಣ್ಣನ ಬೆರಳ ಹಿಡದು ಕಾಗದದ ಮ್ಯಾಲ ಇಟ್ಟು ಕಲಿಸಿದ್ದೆ. ಅವನ ಕೈಗೆ ರೂಢಿ ಆಗಿಬಿಟ್ಟದ. ಕೈ ಸುಳ್ಳ ಹೇಳೂದಿಲ್ಲ ನೋಡ್ರಿ… ಮತ್ತ ಕುರ್ಚಿ ಸಿಕ್ಕಿದ್ದು ಯಾರಿಗೆ? ಅವಂಗಽ. ಇನ್ನೇನ ಸಾಕ್ಷಿ ಬೇಕು?

ಸಿಟ್ಟು ಬ್ಯಾರೆ, ಅಣ್ಣಾ. ಇದು ಸಿಟ್ಟಲ್ಲ. ನಿನ್ನೆ ಸಂಜೀಕ ಅವ ನನ್ನ ಟೇಬಲ್ ಹತ್ರ ಬಂದು, "ಸಾಹೇಬ್ರ, ನೀವಿಲ್ಲದ ನನಗ ಹ್ಯಾಂಗ ಆಗ್ತದ್ರಿ, ದಿನಾ ಬಂದು ಕೇಳ್ತೀನಿ" ಅಂದ. ಕಣ್ಣಾಗ ನೀರ ತಂದು ಅಂದ! ಎದಿಗೆ ಇರದ್ರ ತಡಕೋಬಹುದು, ಇರದಾವನಽ ಬಂದು ಅತ್ರ ಹ್ಯಾಂಗ ತಡಕೊಳ್ಳೂದು? ರಾತ್ರಿ ಹೆಂಡ್ತಿ ನೀಲಗಂಗಾ ತಾಟ ಮುಂದ ಇಟ್ಲು, ಸರಿಸಿ ಎದ್ದೆ. ಆಕಿಗೆ ಇನ್ನೂ ಹೇಳಿಲ್ಲ. ಕಾಚಿನ ಖೋಲಿ ನೋಡಾಕ ಬರ್ತೀನಿ ಅಂತ ಹೊಸಾ ಸೀರಿ ತಗದಿಟ್ಟಾಳ.

ಜಾಊ ದ್ಯಾ ಅನ್ನಬ್ಯಾಡ್ರಿ! ನಿಮ್ಮ ಮುಖದ ಮ್ಯಾಲ ಕಾಣಾಕತ್ತದ, ಬಿಟ್ಟುಬಿಡು ಅಂತೀರಿ. ನಾ ಬಿಡಂಗಿಲ್ಲ. ನನಗ ನಿಮ್ಮಿಂದ ಎರಡ ಕೆಲಸಾ ಆಗಬೇಕು. ನಾಳಿಗಿ ಅವನ್ನ ಎಲ್ಲಾರ ಮುಂದ ನಿಲ್ಲಿಸಿ ಮಂಡಳಿಯಿಂದ ತಗೀಬೇಕು. ಮತ್ತ ಶೇಠರಿಗೆ ನೀವೊಂದು ಪತ್ರ ಕೊಡಬೇಕು, ನಂಬಿಕಿ ಮುರದಾವನ ಕೈಯಾಗ ಕೀಲಿ ಕೊಡಬ್ಯಾಡ್ರಿ ಅಂತ. ನಿಮ್ಮ ಮಾತು ಅವ್ರು ಇವತ್ತಿಗೂ ತಗದು ಹಾಕಂಗಿಲ್ಲ. "ಭೀಮಣ್ಣನಂಥಾ ಮನಷಾನ ಕಳಕೊಂಡೆ" ಅಂತ ಎರಡ ಸರ್ತಿ ನನ್ನ ಮುಂದಽ ಅಂದಾರ.

ಯಾಕ ಆಗೂದಿಲ್ಲ? ಮಂಡಳಿಯಿಂದ ಪೀರಪ್ಪನ್ನ ತಗೀಲಿಲ್ಲೇನು? ಎಪ್ಪತ್ತೆರಡರಾಗ ನಿಮಗೂ ಹಿಂಗಽ ಆಗಿತ್ತಲ್ಲ! ಬೆಂಕಿ ಆರಿಸೂ ಬಕೀಟಿನ ವಹಿ ಮ್ಯಾಲ ಮೂರು ತಿಂಗಳ ಬಕೀಟ ನೋಡದೇ ಸಹಿ ಮಾಡಿದೆ ಅಂತ ನೀವು ಮಂಡಳ್ಯಾಗ ಹೇಳಿದ್ರಿ, ಎಂಟ ದಿನದಾಗ ಶೇಠರ ಕೈಗೆ ಪತ್ರ. ನೀವು ಆ ಪತ್ರ ಯಾರಿಗೂ ತೋರಸಲಿಲ್ಲ. ಶೇಠ ನಿಮ್ಮ ಕೈಯಾಗ ಕೊಟ್ರು, ನೀವು ಮನಿಗೆ ಬಂದು ನೇರ ಒಲ್ಯಾಗ ಹಾಕಿದ್ರಿ. "ನಾ ನೋಡೀನಿ, ಶೇಠ ನೋಡ್ಯಾರ, ಇನ್ನ ಮ್ಯಾಲ ಯಾರೂ ನೋಡೂದು ಬ್ಯಾಡ" ಅಂದ್ರಿ. ಎಂಥಾ ದೊಡ್ಡ ಮನಸು! ಕುರ್ಚಿ ಬಿಟ್ಟು ಇಲ್ಲಿ ಬಂದು ವಹಿ, ಶಾಯಿ, ಪೆನ್ಸಿಲ್ ಮಾರ್ಕೋತ ಕೂತ್ರಿ. ಒಬ್ಬರ ಮ್ಯಾಲೂ ಬೆರಳ ಮಾಡಲಿಲ್ಲ. ನಾನಽ ಎದ್ದು ನಿಂತು ಇದು ಪೀರಪ್ಪನ ಕೆಲಸಾ ಅಂದೆ. ಅವ ಅತ್ತ, ಆಣಿ ಮಾಡ್ದ, ಯಾರೂ ಕೇಳಲಿಲ್ಲ. ಆಮ್ಯಾಲ ಸೊಲ್ಲಾಪುರದಾಗ ಒಂದ ಕಚೇರ್ಯಾಗೂ ಅವನ್ನ ಇಟ್ಕೊಳ್ಳಲಿಲ್ಲ. ಈಗ ದುಧನಿ ಊರಿನ ಅಡತಿ ಅಂಗಡ್ಯಾಗ ಚೀಲಾ ಎಣಿಸ್ತಾನಂತ. ಇರ್ಲಿ, ಮಾಡಿದ್ದು ಉಣ್ಣಲಿ! ನಾಗಣ್ಣಗೂ ಅದಽ ಆಗಬೇಕು. ಇವೆಲ್ಲಾ ಒಂದಽ ಜಾತಿ ಹುಳ ಅಣ್ಣಾ, ನಮ್ಮ ಯುಕ್ತಿ ಕಲ್ತು ನಮಗಽ ತಿರುವ್ತಾರ. ನಿಮ್ಮ ಮ್ಯಾಲ ಬಂದ ಪತ್ರದಾಗೂ ಹಂಗಽ ಅಲ್ಲೇನು, ಎಡಕ ಎರಡ ಬೆರಳ ಜಾಗಾ ಬಿಟ್ಟು…

…

ಏನು?

ಯಾಕ ಹಂಗ ನೋಡ್ತೀರಿ? …ನೀವಽ ಹೇಳಿದ್ರಲ್ಲ. ಯಾವಾಗೋ ಹೇಳಿದ್ರಿ. ಹೇಳಿದ್ದಿಲ್ಲ? ಹಂಗಾರ ಶೇಠ ತೋರಿಸಿರಬೇಕು… ಹೌದು, ಹೌದು, ಶೇಠ ನಿಮ್ಮ ಕೈಗೆ ಕೊಟ್ಟುಬಿಟ್ಟಿದ್ರು. ಈಗಷ್ಟ ನಾನಽ ಅಂದೆ. ಅಂದಾಜಲೆ ಅಂದೆ ಅಣ್ಣಾ! ಮಂಡಳಿಯವ ಬರದಿದ್ದ ಅಂದ ಮ್ಯಾಲ ಜಾಗಾ ಬಿಟ್ಟಽ ಬಿಟ್ಟಿರ್ತಾನ, ಅಷ್ಟು ತಿಳೀದ? ಏನರ ಅನ್ರಿ. ಬೈರಿ.

ಆ ಪಂಖಾ ಬಂದ ಮಾಡ್ರಿ, ಸಪ್ಪಳ ಭಾಳ ಆಗಾಕತ್ತದ.

ಯಾವಾಗಿಂದ ಗೊತ್ತದ ನಿಮಗ? …ಅವತ್ತಿಂದಽ? ಓದಿದ ದಿನಾನಽ? ಅದಕ್ಕ ಒಲ್ಯಾಗ ಹಾಕಿದ್ರಿ? ನನಗಾಗಿ? …ವೈನಿಗೂ ಗೊತ್ತಿತ್ತು. ಅದಕ್ಕಽ ಆರು ವರ್ಷ ಅವ್ರು ತಮ್ಮ ಕೈಲೆ ನನಗ ಒಂದ ಕಪ್ಪ ಚಾ ಕೊಟ್ಟಿಲ್ಲ. ನಾ ತಿಳಕೊಂಡಿದ್ದೆ, ಮಂಡಿ ನೋವು, ಎದ್ದು ಬರಾಕ ಆಗೂದಿಲ್ಲ ಅಂತ.

ನೀವು ಗೊತ್ತಿದ್ದೂ ಪ್ರತಿ ಅಮಾಸಿಗೆ ನನ್ನ ಬಾಜೂಕ ಕೂಡಿಸ್ಕೊಂಡ್ರಿ. ಈ ವಹಿ ಮುಂದ ಇಟ್ಟು, "ಸಾತಲಿಂಗಪ್ಪಾ, ನಿನ್ನ ತಪ್ಪು ಹೇಳು" ಅಂದ್ರಿ. ಎಪ್ಪತ್ತು ಅಮಾಸಿ ಅಂದಿರಬೇಕು. ನಾ ಪ್ರತಿ ಸರ್ತಿ ಶಾಯಿ ಚೆಲ್ಲಿದ್ದು, ಟಪಾಲ್ ತಡಾ ಆಗಿದ್ದು, ಇಂಥಾವಽ ಹೇಳಿ ಚಾ ಕುಡದು ಹ್ವಾದೆ.

ಆ ಕುರ್ಚಿ ಅಣ್ಣಾ… ಹತ್ತು ವರ್ಷ ಅದರ ಹಿಂದ ನಿಂತು ನಿಮಗ ಕಾಗದಾ ಕೊಟ್ಟೀನಿ. ನೀವು ಎದ್ದು ಹೋಗೂ ತನಕ ಕಾಯಾಕ ಆಗಲಿಲ್ಲ ನನಗ. ಒಂದ ರವಿವಾರ ಮನಿಯಾಗ ಕೂತು ಎಡಗೈಲೆ ಬರದೆ. ಎಡಗೈಲೆ ಬರದ್ರೂ ಜಾಗಾ ಬಿಟ್ಟೆ! ಯಾರ ಕಲಿಸಿದ್ರು, ಅವ್ರ ಮ್ಯಾಲ ಬರದ ಪತ್ರಕ್ಕೂ ಜಾಗಾ ಬಿಟ್ಟೆ… ಪೀರಪ್ಪ ಆಣಿ ಮಾಡೂ ಮುಂದ ನನ್ನ ಮಾರಿನಽ ನೋಡಾಕತ್ತಿದ್ದ. ನಾ ಅವನ ಕಡಿ ಬೆರಳ ಮಾಡಿದವ, ಬೆರಳ ಇಳಸಲಿಲ್ಲ.

ನಾಗಣ್ಣ ಬುದ್ಧಿ ಎಲ್ಲಿ ಕಲ್ತ ಅಂತ ನಿನ್ನೆಯಿಂದ ಬೈಯಾಕತ್ತೀನಿ. ನಾನಽ ಕಲಿಸೀನಿ ಅಂತ ನಾನಽ ಹೇಳಾಕತ್ತೀನಿ. ಅದಕ್ಕ ನಕ್ರಿ ನೀವು, ಅಲ್ಲಾ?

ಅಣ್ಣಾ, ಬಾಗಿಲಾ ತೋರಸ್ರಿ, ಹೋಗಿಬಿಡ್ತೀನಿ. …ಇಲ್ಲ? ವಹಿ ಯಾಕ ಮತ್ತ ಈ ಕಡಿ ಸರಿಸಾಕತ್ತೀರಿ? ನಾ ಬಂದ ಕೂಡ್ಲೇ ತಗದು ಇಟ್ಟಿದ್ರಿ, ಅಲ್ಲಾ? ಇವತ್ತರ ಹೇಳ್ಯಾನು ಅಂತ…

ದುಧನಿ ಗಾಡಿ ಎಷ್ಟ ಗಂಟೇಕ ಅದ? ಸಂಜೀಕ ಹೋಗಿ ಪೀರಪ್ಪನ ಕಾಲ ಹಿಡಕೊಂಡು ಕರ್ಕೊಂಡು ಬರ್ತೀನಿ. ಬರಲಿಲ್ಲಂದ್ರ ಅಲ್ಲೇ, ಆ ಚೀಲದ ಮುಂದ ನಿಂತು, ಅಡತಿ ಮಂದಿ ಎಲ್ಲಾರೂ ಕೇಳೂಹಂಗ ಹೇಳ್ತೀನಿ. ನಾಳಿಗಿ ಏಳೂ ಮಂದಿ ಮುಂದ ಓದ್ತೀನಿ. ನಾಗಣ್ಣನೂ ಕೇಳ್ಲಿ. ಅವ ಮೊದಲ ಕೇಳ್ಲಿ.

ಕೊಡ್ರಿ ಇಲ್ಲಿ. ಪೆನ್ನೂ ಕೊಡ್ರಿ… ಹೊಸಾ ಹಾಳಿ ತಗೀತೀನಿ, ತಡೀರಿ.

ಎಡಕ… ಎಡಕ ಎರಡ ಬೆರಳ ಜಾಗಾ ಬಿಡ್ಲೇನ್ರಿ, ಅಣ್ಣಾ?