ನಾಲಿಗೆ ಏಳದ ಮಾತು

ವೀಸಾ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸಂದರ್ಶನದ ಪಾಠ ನಡೆದಿತ್ತು.

“ಯಾಕೆ ಹೋಗ್ತಿದೀಯ?”

“ಗಂಡನ್ನ ನೋಡೋಕೆ. ಮದುವೆಯಾದ ತಿಂಗಳಿಗೇ ಹೋದೋರು.”

“ವಾಪಸ್ ಬರ್ತೀಯಾ?”

ಸೊಸೆ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

“ಹೋದ ಸಲವೂ ಹಿಂಗೇ ಬಾಯಿಗೆ ಬೀಗ ಹಾಕ್ಕೊಂಡೆ. ವೀಸಾ ಕೊಡಲ್ಲ ಅಂದ್ಬಿಟ್ರು.”

“ಅವರನ್ನ ಬಿಟ್ಟು ಬರ್ತೀನಿ ಅನ್ನೋಕೆ ನಾಲಿಗೇನೇ ಏಳಲ್ಲ ಅತ್ತೆ.”

“ಮತ್ತೆ ನಿನ್ನ ಹೊಲಿಗೆ ಅಂಗಡಿ ನಾನು ನೋಡ್ಕೊಳ್ಳಲಾ? ಸೂಜಿಗೆ ದಾರ ಪೋಣಿಸೋಕೂ ನಂಗೆ ಕಣ್ಣು ಕಾಣಲ್ಲ.”

“ನಗಿಸ್ಬೇಡಿ. ಎಲ್ರೂ ನೋಡ್ತಿದಾರೆ.”

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಫೈಲನ್ನು ಎದೆಗವಚಿಕೊಂಡು ಎದ್ದವಳು, ದಿನಾ ಅಂಗಡಿಗೆ ಹೊರಡುವವಳಂತೆ, “ಬರ್ತೀನಿ ಅತ್ತೆ” ಎಂದಳು.

“ಹ್ಞಾಂ, ಅದನ್ನೇ ಒಳಗೂ ಹೇಳು ಮಾರಾಯ್ತಿ.”

ಸೊಸೆ ತಿರುಗಿ ನೋಡಿದಳು. ಬಾಗಿಲು ಮುಚ್ಚಿದ ಮೇಲೂ ಅತ್ತೆ ಮುಗಿದ ಕೈ ಇಳಿಸಲಿಲ್ಲ.