ಬಿಜಲಿ ಪೆಟಗಿ ಮುಂದ ಹಚ್ಚಿಟ್ಟ ದೀಪ

...ಅದಕ್ಕೇ ಹೇಳ್ತೀನಿ ಅವ್ವಿ, ಆ ಸ್ವಿಚ್ಚಿನ ಬುಡಕ್ಕ ಊದಿನಕಡ್ಡಿ ಚುಚ್ಚಬ್ಯಾಡ. ನಗಬ್ಯಾಡ್ರಿ. ನಾ ಹಿಂಗೇ ಒಂದು ಸಲ ದೀಪ ಹಚ್ಚಿಟ್ಟು ಮನಿ ತೋಟಾನೇ ಕಳದಕಿ. ಆಗ ನನಗ ಹದಿನಾರು, ಅಲ್ಲ, ಹದಿನೇಳಿರಬೇಕು, ಲಗ್ನಾಗಿ ಕಾಗಿಣಾ ಹೊಳಿ ದಂಡಿ ಊರಿಗಿ ಬಂದು ವರ್ಷ ತುಂಬಿದ್ದಿಲ್ಲ. ನಿಜಾಮರ ರಾಜ್ಯ, ಹೊರಗ ದೊಡ್ಡ ಲಡಾಯಿ, ಚಿಮಣಿ ಎಣ್ಣಿ ಸೈತ ಚೀಟಿ ಮ್ಯಾಲ. ಊರಾಗ ದೀಪಕ್ಕ ಎಣ್ಣಿಲ್ಲ, ನಮ್ಮ ಹೊಲದಾಗ ಬಿಜಲಿ! ಶಹಾಬಾದ ಕಡಿ ಒಂದು ಕಾರ್ಖಾನಿಯವರು ಬಾಜೂ ಹೊಲಗಳಿಗಿ ತಂತಿ ಎಳದು ಕೊಟ್ಟಿದ್ರು, ಒಂದು ಬಾವಿಗಿ ಒಂದೇ ತಂತಿ. ಬಾವಿ ನಮ್ಮ ಮಾವನೋರ್ದು, ಅವರ ದೊಡ್ಡಪ್ಪನ ಮಗ ಶರಣಪ್ಪಂದು ಕೂಡಿ ಇತ್ತು. ಪಂಪು ಬಂತಲ್ಲ, ಇನ್ನೇನಂತ ನೀರು ಎಳಿಯೋ ಎತ್ತು ಬ್ಯಾರೆಯವರಿಗಿ ಕೊಟ್ಟುಬಿಟ್ವಿ. ಅದೇ ನೋಡ್ರಿ ತಪ್ಪಾಗಿದ್ದು.

ಶರಣಪ್ಪ ಒಂದಿನ ಬಂದು, "ಅರ್ಜಿ ನನ್ನ ಹೆಸರಿಲೆ ಅದ, ತಂತಿ ನಂದು" ಅಂದ. "ತಮ್ಮಾ, ಕಂಬದ ಕುಣಿ ಇಬ್ಬರೂ ಕೂಡೇ ತೋಡಿದ್ವಲ್ಲೋ" ಅಂದ್ರು ಮಾವನೋರು. "ಕುಣಿ ತೋಡಿದ್ರ ಬಿಜಲಿ ನಿಂದಾಗ್ತದೇನು?" ಅಂದು ಸೀದಾ ಚಿತ್ತಾಪುರ ಅದಾಲತ್ತಿಗಿ ಹೋದ. ತಂತಿ ಯಾರ್ದು ಅಂತ ತೀರೋತನಕ ಯಾರೂ ಮುಟ್ಟಬಾರ್ದಂತ ಹುಕುಂ ಆತು. ಅದಾಲತ್ತಿನ ಅಮೀನ ಬಂದು ಸ್ವಿಚ್ಚಿನ ಪೆಟಗಿಗಿ ಸುತಲಿ ದಾರ ಸುತ್ತಿ, ಕೆಂಪು ಅರಗು ಕಾಸಿ ಸುರುವಿ, ಮ್ಯಾಲ ಮೊಹರು ಒತ್ತಿ ಹೋದ. ಶರಣಪ್ಪಗೇನು, ಅವಂದು ಜ್ವಾಳದ ಹೊಲ. ನಮ್ದು ವೀಳ್ಯದ ಎಲಿಬಳ್ಳಿ ತೋಟ. ಬ್ಯಾಸಿಗ್ಯಾಗ ಎರಡು ದಿನ ನೀರು ತಪ್ಪಿದ್ರ ಬಳ್ಳಿ ತಲಿ ಕೆಳಗ ಹಾಕ್ತದ. ನಾನು, ಅತ್ತಿ ಕೊಡದಾಗ ನೀರು ಸೇದಿ ಸೇದಿ ಹಾಕಿದ್ವಿ. ಅಂಗೈ ತೊಗಲು ಕಿತ್ತು ಬಂದಿತ್ತು. ಅದಾಲತ್ತಿನಾಗ ಪೇಶಿ ಮ್ಯಾಲ ಪೇಶಿ, ತಾರೀಖು ಮ್ಯಾಲ ತಾರೀಖು. ಮಾತೆಲ್ಲಾ ಉರ್ದು, ಮಾವನೋರು ಹೋಗ್ತಿದ್ರು, ನಿಂದರ್ತಿದ್ರು, ಬರ್ತಿದ್ರು.

ನಮ್ಮ ಕೈಲೆ ಏನದ, ಶಿವನ ಕೈಲೇ ಅದ ಅಂತ ಒಂದು ಸೋಮವಾರ ಸಂಜಿಮುಂದ ಕುಸುಬಿ ಎಣ್ಣಿ ದೀಪ ಒಯ್ದು ಪೆಟಗಿ ಮುಂದ ಹಚ್ಚಿದೆ. ಗಾಳಿಗಿ ಆರಬಾರ್ದಂತ ಹಿಂಗ, ಪೆಟಗಿ ಬುಡಕ್ಕೇ ಸರಿಸಿದೆ. ಕಣ್ಣು ಮುಚ್ಚಿ ಶಿವಾ, ಶಿವಾ ಅಂದು ಕಣ್ಣು ತೆರಿತೀನಿ, ಅರಗು ಕುಂಕುಮದ ನೀರಿನಂಗ ಇಳಿಲಿಕತ್ತದ! ಸುತಲಿ ಬಿಚ್ಚಿ ಜೋತುಬಿದ್ದದ.

ಮರುದಿನ ಅಮೀನ ಬಂದು ನೋಡ್ದ, ಮೊಹರು ಒಡದದಂತ ಬರಕೊಂಡ. ಅದಾಲತ್ತಿನ ಕಟ್ಟಿ ಮ್ಯಾಲ ನಮ್ಮ ವಕೀಲರು ಮೆಲ್ಲಕ, "ಇಲಿ ಕಡೀತು ಅಂತ ಹೇಳವ್ವ" ಅಂದ್ರು. ನಾ ಮಾವನೋರ ಮಾರಿ ನೋಡಿದೆ. ಕೊರಳಾಗಿನ ಲಿಂಗದ ಕರಡಿಗಿ ಒಂದೀಟು ಹಿಡಕೊಂಡು, "ಕೂಸೇ, ಏನ ಮಾಡಿದಿ ಅದನ್ನೇ ಹೇಳು" ಅಂದ್ರು. ಹೇಳಿದೆ. ವಕೀಲರು ಉರ್ದುದಾಗ ತಿರುವಿದ್ರು. ಒಳಗ ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಶರಣಪ್ಪ, "ನೋಡ್ರಿ ಸಾಹೇಬ್ರ, ಬಿಜಲಿಗೇ ದೀಪ ತೋರಸ್ಯಾಳ ನಮ್ಮ ಸೊಸಿ!" ಅಂದ. ಮುನ್ಸಿಫ್ ಸಾಹೇಬ್ರು ಒಬ್ಬರೇ ನಗಲಿಲ್ಲ. ನನ್ನ ಮಾರಿನೇ ನೋಡಿ ಏನೋ ಅಂದ್ರು. "ಹುಡುಗಿ ಸುಳ್ಳು ಹೇಳಲ್ಲಂತ ಅವರಿಗಿ ಗೊತ್ತದಂತ. ಆದ್ರ ಮೊಹರು ಒಡದದ" ಅಂದ್ರು ವಕೀಲರು. ಕೇಸು ತೀರೋತನಕ ತಂತಿ ಶರಣಪ್ಪಗ ಅಂತ ಹುಕುಂ ಆತು.

ಅವನ ಜ್ವಾಳಕ್ಕ ನೀರು ಬೇಕಿದ್ದಿಲ್ಲ ಮಕ್ಕಳ್ರಾ. ಆದ್ರೂ ದಿನಾ ಒಂದು ತಾಸು ಪಂಪು ಹಾಕಿ ಬದುವಿನ ಮ್ಯಾಲ ಕುಂದರ್ತಿದ್ದ. ನಾವು ಆ ಸಪ್ಪಳ ಕೇಳಕೋತ ಅದೇ ಬಾವ್ಯಾಗ ಕೊಡ ಬಿಡ್ತಿದ್ವಿ. ಎಷ್ಟಂತ ಸೇದ್ತೀರಿ? ಒಂದೊಂದೇ ಸಾಲು ಒಣಗ್ತಾ ಬಂತು. ಕಡೀಗಿ ಉಳದ ನಾಕು ಎಲಿ ಅತ್ತಿ ತಂದು ದೇವರ ಜಗಲಿ ಮ್ಯಾಲ ಇಟ್ಟು, ನನ್ನ ತಲಿ ಸವರಿದ್ರು. ಬೈದಿದ್ರ ಚಲೋ ಇತ್ತು. ಕೇಸು ತೀರೋದ್ರಾಗ ತೋಟಾನೇ ಇದ್ದಿಲ್ಲ.

ಶಿವ ಕೈ ಬಿಟ್ಟ ಅಂತ ನಾ ಇವತ್ತಿಗೂ ಅನ್ನಾಂಗಿಲ್ಲ. ಅಂವ ಹಚ್ಚು ಅಂದಿದ್ದ, ಅರಗಿನ ಬುಡಕ್ಕ ಹಚ್ಚು ಅಂದಿದ್ದನೇನು? ಕೈ ಮುಗಿಯೋಮುಂದ ಕಣ್ಣು ಮುಚ್ರಿ, ದೀಪ ಇಡೋಮುಂದ ಮಾತ್ರ ತೆರದಿರಬೇಕು. ಏಳವ್ವಿ, ಆ ಕಡ್ಡಿ ಕಿತ್ತು ದೇವರ ಜಗಲಿ ಮ್ಯಾಲ ಹಚ್ಚು ನಡಿ.