ಲ್ಯಾಬಿನಲ್ಲಿ ಕೂತಿದ್ದ ಹನ್ನೊಂದು ಮಕ್ಕಳು

ಸಭೆಗೆ ಬಂದಿರುವ ಹಿರಿಯರಿಗೆ, ಏಳೂ ಶಾಲೆಗಳ ಸಹೋದ್ಯೋಗಿಗಳಿಗೆ, ಮುಂದೆ ಕೂತಿರುವ ಮೇಡಂ ಅವರ ಯಜಮಾನರಿಗೆ, ಮಗಳಿಗೆ — ನಮಸ್ಕಾರ. ಮೇಡಂ ತೀರಿಹೋಗಿ ಇವತ್ತಿಗೆ ಒಂದು ವಾರ. ನಾನು ಅವರ ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯ. ಬರೆದುಕೊಂಡು ಬಂದ ಕಾಗದ ಜೇಬಿನಲ್ಲಿದೆ. ಅದರಲ್ಲಿರುವುದೆಲ್ಲ ಬರೀ ಹೊಗಳಿಕೆ — ಅದು ಬೇಡ.

ನಮಗೆಲ್ಲ ಅವರು "ಹಿಂದಿನ ಬೆಂಚಿನ ಮೇಡಂ". ಏಳು ಶಾಲೆಗಳನ್ನು ಒಂದು ಗುಂಪು ಮಾಡಿದವರೇ ಅವರು. ತಿಂಗಳಿಗೊಮ್ಮೆ ಒಂದು ಶಾಲೆಯವರು ಇನ್ನೊಂದು ಶಾಲೆಗೆ ಹೋಗಬೇಕು, ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಬೇಕು. ಆಮೇಲೆ ಎಲ್ಲರೂ ಸೇರಿದಾಗ, ತಮ್ಮ ಶಾಲೆಯಲ್ಲಿ ಏನು ಕೆಟ್ಟಿದೆ ಅಂತ ಅವರವರೇ ಹೇಳಬೇಕು. ಮೊದಲ ಸಭೆ ನೆನಪಿದೆಯಾ? ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೀಗೆ — ಹೀಗೆ ಹೆಗಲು ಮುಟ್ಟಿ ನೋಡಿಕೊಂಡೆವು! ಬಾಯಿ ಬಿಟ್ಟವರು ಒಬ್ಬರೂ ಇಲ್ಲ. ಮೇಡಂ ನಕ್ಕುಬಿಟ್ಟರು. "ಏನ್ರೀ, ಹೊಟ್ಟೆನೋವು ಅಂತ ಡಾಕ್ಟ್ರ ಹತ್ರ ಹೋಗಿ ತಲೆ ತೋರಿಸ್ತೀರಾ?"

ಎರಡು ವರ್ಷದ ಹಿಂದೆ ಅವರು ನಮ್ಮ ಶಾಲೆಗೆ ಬರುವವರಿದ್ದರು. ನಾನೇನು ಮಾಡಿದೆ ಗೊತ್ತಾ — ಏಳನೇ ತರಗತಿಯಲ್ಲಿ ಓದಲು ಬಾರದ ಹನ್ನೊಂದು ಮಕ್ಕಳನ್ನು ಬೆಳಿಗ್ಗೆಯೇ ಲ್ಯಾಬಿಗೆ ಕಳಿಸಿ, "ಸದ್ದು ಮಾಡ್ಬೇಡಿ" ಅಂತ ಹೇಳಿ ಬಾಗಿಲು ಎಳೆದುಕೊಂಡೆ. ಶಾಲೆಯ ಮಾನ ಉಳಿಯಬೇಕಿತ್ತು ನೋಡಿ.

ಮೇಡಂ ಹಾಜರಿ ಪುಸ್ತಕ ನೋಡಿದರು, ಬೆಂಚು ನೋಡಿದರು. "ಉಳಿದೋರೆಲ್ಲಿ ಸರ್?"

"ಜ್ವರ ಮೇಡಂ. ಊರಿಗೆಲ್ಲ ಜ್ವರ."

ಅವರು ಹಾಜರಿ ಪುಸ್ತಕ ಮುಚ್ಚಿದರು. ಸೀದಾ ಹೋಗಿ ಲ್ಯಾಬಿನ ಬಾಗಿಲು ತೆಗೆದರು. ಹನ್ನೊಂದು ಮಕ್ಕಳೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು — ಹೀಗೆ — ಕೂತಿದ್ದರು. ನಾನು ಹೇಳಿದ ಮಾತನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದರು.

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. "ನಾನೂ ಮಕ್ಕಳನ್ನ ಬಚ್ಚಿಟ್ಟಿದ್ದೆ ಸರ್, ತಪಾಸಣೆಗೆ ಸಾಹೇಬ್ರು ಬಂದಾಗ. ಲ್ಯಾಬಲ್ಲೇ. ಅವತ್ತು ಮನೆಗೆ ಹೋದ ಒಬ್ಬ ಹುಡುಗಿ ಮತ್ತೆ ಶಾಲೆಗೆ ಬರ್ಲೇ ಇಲ್ಲ. ಈಗ ನಾನು ಯಾವ ಬೆಂಚಲ್ಲಿ ಕೂತ್ರೂ ಪಕ್ಕದಲ್ಲಿ ಅವಳು ಕೂತಿರ್ತಾಳೆ. ಮುಂದಿನ ಸಭೇಲಿ ಹೇಳ್ಬಿಡಿ. ಏಳು ಶಾಲೆಯೋರೂ ಸೇರಿ ಈ ಮಕ್ಕಳಿಗೆ ಕಲಿಸೋಣ."

"ಹೇಳ್ತೀನಿ" ಅಂದೆ. ಮುಂದಿನ ತಿಂಗಳು ಅಂದೆ. ಇಪ್ಪತ್ತೆರಡು ಸಭೆಗಳಾದವು. ಪ್ರತಿ ಸಭೆಯಲ್ಲೂ ಅವರು ನನ್ನ ಕಡೆ ಒಮ್ಮೆ ನೋಡುತ್ತಿದ್ದರು — ಅಷ್ಟೇ, ಒಮ್ಮೆ. ನಾನು ಚಹಾ ಕುಡಿಯುತ್ತಿದ್ದೆ. ಆ ಹನ್ನೊಂದು ಮಕ್ಕಳಲ್ಲಿ ನಾಲ್ವರು ಶಾಲೆ ಬಿಟ್ಟರು. ಈಗ ಲ್ಯಾಬಿನ ಮುಂದೆ ಹೋದರೆ ಒಳಗೆ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸುತ್ತದೆ. ಬಾಗಿಲು ತೆಗೆದು ನೋಡುತ್ತೇನೆ. ಯಾರೂ ಇರುವುದಿಲ್ಲ. ಮತ್ತೆ ಮುಚ್ಚಲು ಕೈ ಬರುವುದಿಲ್ಲ. ನನಗೆ ಭಯವಾಗುತ್ತದೆ.

ಮಗಳೇ, ನಿಮ್ಮಮ್ಮನಿಗೆ ಕೊಟ್ಟ ಮಾತು ಇವತ್ತು ನಡೆಸಿದ್ದೇನೆ. ಅವರು ಕೇಳಿಸಿಕೊಳ್ಳುವ ಹಾಗಿದ್ದಾಗ ನಡೆಸಲಿಲ್ಲ. ಕ್ಷಮಿಸಮ್ಮ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮೇಡಂ ಅವರಿಗಾಗಿ ಒಂದು ನಿಮಿಷ ಸುಮ್ಮನಿರೋಣ. ಒಂದು ನಿಮಿಷ ಮಾತ್ರ. ಏಳೂ ಶಾಲೆಯವರು ಇಲ್ಲಿದ್ದೀರಿ. ಮಕ್ಕಳನ್ನು ಬಚ್ಚಿಟ್ಟವನು ನಾನೊಬ್ಬನೇ ಆದರೆ ಸರಿ, ಮನೆಗೆ ಹೋಗಿ. ಇಲ್ಲವಾದರೆ — ಮೈಕನ್ನು ನಾನು ಆರಿಸುವುದಿಲ್ಲ.